ಫೋಟೋ ನೋಡಿ ಮಾಡಿದ ಕೀಲಿ

ಮಾರ್ಚ್ ೪

ಗಿಲಕಿಗೆ,

ಫೋನಿನಲ್ಲಿ ಮಾತಾಡಿದರೆ ಎರಡನೇ ನಿಮಿಷಕ್ಕೆ ಜಗಳವಾಗುತ್ತದೆ, ಆದ್ದರಿಂದ ಅಂಗಡಿಯ ವಿಷಯ ಏನಿದ್ದರೂ ಇನ್ನು ಇಮೇಲಿನಲ್ಲೇ ಬರೆಯೋಣ ಎಂದು ನೀನು ಕಾನೂನು ಮಾಡಿದೆ. ಸರಿ, ಬರೆಯುತ್ತಿದ್ದೇನೆ. ಒಂದೇ ಬೆರಳಿನಲ್ಲಿ ಕುಟ್ಟುವುದರಿಂದ ಎಂಥ ಕೋಪ ಬಂದರೂ ವಾಕ್ಯ ಮುಗಿಯುವಷ್ಟರಲ್ಲಿ ಆರಿಹೋಗುತ್ತದೆ. ಇದೇ ನಿನ್ನ ಉಪಾಯವಾಗಿದ್ದರೆ ಮೆಚ್ಚಿದೆ.

ಅಂಗಡಿ ಹೇಗಿದೆ ಎಂದು ನೀನು ಕೇಳಿದ್ದೆ. ನೊಣ ಹೊಡೆಯುತ್ತಿದ್ದೇನೆ. ಹೊಸ ಕಟ್ಟಡಗಳಿಗೆಲ್ಲ ಬೆರಳು ಒತ್ತಿದರೆ ತೆರೆಯುವ ಬೀಗ ಬಂದುಬಿಟ್ಟಿದೆ, ಅದನ್ನು ಹಾಕಿಕೊಡುವುದು ಆ ಕಂಪನಿಯವರೇ. ನಮ್ಮ ಪಾಲಿಗೆ ಉಳಿದಿರುವುದು ಹಳೇ ಬೀದಿಯ ಜನ. ಅವರೋ, ಬೀಗ ಕೆಟ್ಟರೆ ಎರಡು ತೊಟ್ಟು ಎಣ್ಣೆ ಬಿಡಿಸಿಕೊಂಡು ಇನ್ನೂ ಹತ್ತು ವರ್ಷ ದೂಡುವವರು. ಹೀಗೇ ಆದರೆ ವರ್ಷ ಮುಗಿಯುವ ಮೊದಲು ಅಪ್ಪನ ಅಂಗಡಿಯ ಷಟರ್ ಎಳೆಯಬೇಕಾಗುತ್ತದೆ. ನಿನ್ನನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಇಂಟರ್ನೆಟ್ಟಿನಲ್ಲಿ ಅಂಗಡಿ ಹಾಕೋಣ ಎಂದು ಎಷ್ಟೋ ದಿನದಿಂದ ನನ್ನ ತಲೆ ತಿನ್ನುತ್ತಿದ್ದೀಯಲ್ಲ, ಹಾಕು. ನಾನು ಅಡ್ಡ ಬರುವುದಿಲ್ಲ. ಆದರೆ ನನ್ನ ಮುಖದ ಫೋಟೋ ಮಾತ್ರ ಬೇಡ.

ಇನ್ನೊಂದು ವಿಷಯ. ಅಂಗಡಿಯ ಮೇಲಿನ ನಿನ್ನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಹೊಲಿಗೆ ಕೆಲಸದವರು, ಒಬ್ಬರೇ ಇದ್ದಾರೆ. ನಿನ್ನ ಪುಸ್ತಕಗಳನ್ನು ರಟ್ಟಿನ ಡಬ್ಬಿಗೆ ತುಂಬಿ ಅಟ್ಟಕ್ಕೆ ಏರಿಸಿದ್ದೇನೆ, ಒಂದೂ ಹರಿದಿಲ್ಲ. ಕೂಗಾಡಬೇಡ.

ಅಣ್ಣ


ಮಾರ್ಚ್ ೯

ಅಣ್ಣಾ,

ಕೂಗಾಡುವುದನ್ನು ಬರೆದು ತೋರಿಸುವುದು ಹೇಗೆಂದು ಗೊತ್ತಿಲ್ಲ, ನೀನೇ ಊಹಿಸಿಕೋ. ನನ್ನ ಕೋಣೆ ಕೊಡುವ ಮೊದಲು ಒಂದು ಮಾತು ಕೇಳಬಾರದಿತ್ತೇ? ಅದೂ ಹೊಲಿಗೆಯವರಿಗೆ. ಅದೂ ಒಬ್ಬರೇ ಇರುವವರಿಗೆ. ಐವತ್ತಕ್ಕೆ ಹತ್ತಿರ ಬಂದ ನಮ್ಮ ಬ್ರಹ್ಮಚಾರಿಯ ಅಂಗಿಗೆ ಈಗ ಗುಂಡಿಗಳೆಲ್ಲ ಸರಿಯಾಗಿ ಇವೆಯೋ ಹೇಗೆ? ನಾನೇನೂ ಅನ್ನಲಿಲ್ಲಪ್ಪ.

ಹೋಟೆಲಿನ ರಿಸೆಪ್ಶನ್ ಮೇಜಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಕೋಣೆಗೆ ಕೀಲಿಯೇ ಇಲ್ಲ, ಪ್ಲಾಸ್ಟಿಕ್ ಕಾರ್ಡು ಕೊಡುತ್ತೇವೆ. ಬಂದವರಿಗೆಲ್ಲ ನಕ್ಕು ಕಾರ್ಡು ಕೊಡುವಾಗ ಅಪ್ಪ ಮೇಲಿನಿಂದ ನೋಡಿ ಬೈಯುತ್ತಿರಬಹುದು ಅನಿಸುತ್ತದೆ.

ನಮ್ಮ ಪುಟ ಸಿದ್ಧವಾಗಿದೆ. ಮೊದಲು ಮಾಡಿದ್ದು ಮ್ಯಾಪಿನಲ್ಲಿ ಅಂಗಡಿಯನ್ನು ಗುರುತಿಸಿ, ತೆರೆದಿರುವ ಸಮಯ ಹಾಕಿದ್ದು. ಮಧ್ಯಾಹ್ನ ಎರಡರಿಂದ ನಾಲ್ಕು ನೀನು ಊಟ ಮಾಡಿ ಗೊರಕೆ ಹೊಡೆಯುವ ಹೊತ್ತನ್ನೂ 'ಮುಚ್ಚಿರುತ್ತದೆ' ಎಂದು ಬರೆದಿದ್ದೇನೆ. ಬಂದವರು ಮುಚ್ಚಿದ ಬಾಗಿಲು ನೋಡಿ ಹಿಂದಿರುಗಿದರೆ ಮತ್ತೆ ಬರುವುದಿಲ್ಲ. ಇನ್ನೊಂದು, ಯಾರು ಏನೇ ಕೇಳಿದರೂ ಒಂದು ಗಂಟೆಯೊಳಗೆ ಉತ್ತರ ಹೋಗಬೇಕು. ದೊಡ್ಡ ಕಂಪನಿಯವರು ಯಾಂತ್ರಿಕವಾಗಿ ಉತ್ತರ ಕೊಡುತ್ತಾರೆ, ನಾವು ಮನುಷ್ಯರ ಹಾಗೆ ಕೊಡುತ್ತೇವೆ. ನಮ್ಮಂಥ ಸಣ್ಣ ಅಂಗಡಿಗೆ ಇರುವ ಬಲ ಅದೊಂದೇ. ಆ ಕೆಲಸ ನನ್ನದು, ಗಿಲಕಿ ಎಂದು ಹೆಸರಿಟ್ಟಿದ್ದಕ್ಕೆ ಈಗಲಾದರೂ ಉಪಯೋಗವಾಗಲಿ.

ಇನ್ನು ನಮ್ಮ ಹೆಚ್ಚುಗಾರಿಕೆ. ನೀನು ಕೀಲಿಯನ್ನು ನೋಡಿಯೇ ಅದರ ಜೋಡಿ ಕಡಿಯಬಲ್ಲೆ. ಹಾಗಾದರೆ ಫೋಟೋ ನೋಡಿ ಏಕೆ ಕಡಿಯಬಾರದು? ಗಿರಾಕಿಗಳು ಚೌಕಗೆರೆಯ ಅಳತೆ ಕಾಗದದ ಮೇಲೆ ಕೀಲಿ ಇಟ್ಟು ಎರಡೂ ಬದಿಯ ಫೋಟೋ ಕಳಿಸಲಿ, ನೀನು ಮಾಡಿ ಕೊರಿಯರಿಗೆ ಹಾಕು. ಯಾವ ಊರಿನವರಾದರೂ ಗಿರಾಕಿಯೇ. ಅಂಗಡಿಯ ಒಂದು ಒಳ್ಳೆಯ ಫೋಟೋ ಬೇಕು, ಬೇಗ ಕಳಿಸು.

ಗಿಲಕಿ


ಮಾರ್ಚ್ ೧೫

ಗಿಲಕಿ,

ನಿನ್ನ ಉಪಾಯಕ್ಕೆ ಮೊದಲು ನಕ್ಕೆ. ಆಮೇಲೆ ನಮ್ಮ ಕೀಲಿಯದೇ ಒಂದು ಫೋಟೋ ತೆಗೆದು, ಅದನ್ನು ನೋಡಿಕೊಂಡು ಇನ್ನೊಂದು ಕಡಿದೆ. ಬೀಗಕ್ಕೆ ಹಾಕಿದರೆ ಬೆಣ್ಣೆಯ ಹಾಗೆ ತಿರುಗಿತು. ಈಗ ನಗುತ್ತಿಲ್ಲ.

ಫೋಟೋ ಕಳಿಸಿದ್ದೇನೆ. ಮಷೀನಿನದು ತೆಗೆದರೆ ಗುಜರಿ ಅಂಗಡಿಯ ಹಾಗೆ ಕಂಡಿತು, ಬಾಗಿಲಿನದು ತೆಗೆದರೆ ಎದುರಿನ ಚರಂಡಿಯೂ ಬಂತು. ಕೊನೆಗೆ ಅಪ್ಪನ ನೀಲಿ ಹಲಗೆಯದು ತೆಗೆದೆ. ಬೀದಿಯವರು ಮನೆಯ ಎರಡನೇ ಕೀಲಿಯನ್ನು ತಂದು, ಕಳೆದುಕೊಂಡರೆ ನಿಮ್ಮ ಹತ್ತಿರ ಇರಲಿ ಎಂದು ಬಿಟ್ಟುಹೋಗುತ್ತಾರಲ್ಲ, ಈಗ ಹಲಗೆ ತುಂಬ ಕೀಲಿ. ಬೆಳಗಿನ ಬಿಸಿಲು ಬಿದ್ದಾಗ ನೋಡಬೇಕು, ಕಣ್ಣು ಕೋರೈಸುತ್ತದೆ. ಒಂದು ಬೀದಿಗೆ ಬೀದಿಯೇ ನಮ್ಮನ್ನು ನಂಬಿದೆ ಎನ್ನಲು ಇದಕ್ಕಿಂತ ಏನು ಬೇಕು? ಹೆಸರಿಲ್ಲ, ನಂಬರಿಲ್ಲ, ಬಣ್ಣದ ದಾರ ಮಾತ್ರ. ಯಾವ ದಾರ ಯಾವ ಮನೆಯದು ಎಂಬುದು ನನ್ನ ತಲೆಯೊಳಗಿದೆ. ಆದ್ದರಿಂದ ಧೈರ್ಯವಾಗಿ ಹಾಕು.

ಮೇಲಿನವರು ಮಾತ್ರ ದಾರ ಬೇಡ ಎಂದು ತಮ್ಮದೇ ಗೊಂಚಲು ಕಟ್ಟಿದ್ದಾರೆ. ಮೂರು ಗುಂಡಿಗಳನ್ನು ಒಂದರ ಮೇಲೊಂದು ಪೋಣಿಸಿ, ಕೆಳಗೆ ಕೆಂಪು ನೂಲಿನ ಗಂಟು. ಚಿಕ್ಕಂದಿನಿಂದ ಎಲ್ಲ ಕೀಲಿಗೂ ಹಾಗೇ ಕಟ್ಟುತ್ತಾರಂತೆ. ಹಲಗೆಯ ಎಡಗಡೆ ಕೆಳಗೆ ನೋಡು, ಚೆನ್ನಾಗಿ ಕಾಣುತ್ತದೆ.

ನನ್ನ ಅಂಗಿಯ ಗುಂಡಿಯ ಚಿಂತೆ ನಿನಗೆ ಬೇಡ.

ಅಣ್ಣ


ಮಾರ್ಚ್ ೨೨

ಅಣ್ಣಾ,

ಕೂತಿದ್ದೀಯೋ ನಿಂತಿದ್ದೀಯೋ? ಕೂತುಕೋ. ನಿನ್ನ ಹಲಗೆಯ ಫೋಟೋ ಊರೂರು ಸುತ್ತುತ್ತಿದೆ. 'ಒಂದು ಬೀದಿಯ ನಂಬಿಕೆ ಒಂದು ಹಲಗೆಯ ಮೇಲೆ' ಎಂದು ನಾನು ಬರೆದ ಸಾಲಿನೊಂದಿಗೆ ಯಾರೋ ಹಂಚಿದರು, ಅವರಿಂದ ಇನ್ಯಾರೋ. ಒಬ್ಬರು ನಮ್ಮ ಅಜ್ಜನ ಅಂಗಡಿಯೂ ಹೀಗೇ ಇತ್ತು ಎಂದು ಬರೆದು ಅತ್ತಿದ್ದಾರೆ. ದೊಡ್ಡದು ಮಾಡಿ ನೋಡಿದರೆ ಪ್ರತಿ ಕೀಲಿಯ ಹಲ್ಲೂ ಎಣಿಸಬಹುದು, ಅಷ್ಟು ಸ್ಪಷ್ಟವಾಗಿ ತೆಗೆದಿದ್ದೀಯ. ಆರ್ಡರುಗಳು ಬಂದಿವೆ, ಇದರ ಜೊತೆ ಕಳಿಸಿದ್ದೇನೆ. ಕೈ ತೊಳೆದುಕೊಂಡು ಕೂರು.

ಮೇಲಿನವರಿಗೂ ಒಂದು ಪುಟ ಮಾಡೋಣ. ಆ ಗುಂಡಿಯ ಗೊಂಚಲು ಎಷ್ಟು ಜನರ ಕಣ್ಣಿಗೆ ಬಿದ್ದಿದೆ ಗೊತ್ತೇ? ಅವರ ಹೆಸರೇನು, ಎಲ್ಲಿಂದ ಬಂದರು, ಏನೇನು ಹೊಲಿಯುತ್ತಾರೆ ಬರೆದು ಕಳಿಸು. ನೀನು ಕೇಳಲು ನಾಚಿಕೊಂಡರೆ ಅವರ ಫೋನ್ ನಂಬರ್ ಕೊಡು, ನಾನೇ ಕೇಳುತ್ತೇನೆ.

ಗಿಲಕಿ


ಮಾರ್ಚ್ ೨೪ (ಡ್ರಾಫ್ಟಿನಲ್ಲೇ ಉಳಿದದ್ದು)

ಗಿಲಕಿ,

ನೀನು ಬಿಡುವವಳಲ್ಲ, ಆದ್ದರಿಂದ ಹೇಳಿಬಿಡುತ್ತೇನೆ. ಅವರಿಗೆ ಪುಟ ಬೇಡ. ಹೆಸರೂ ಎಲ್ಲೂ ಬರಬಾರದು. ಗಂಡನನ್ನು ಬಿಟ್ಟು ಬಂದವರು. ನಮ್ಮದು ಮೂರನೇ ಊರು. ಹಿಂದಿನ ಎರಡೂ ಕಡೆ ಅವನು ಹುಡುಕಿಕೊಂಡು ಬಂದ. ಎರಡನೇ ಸಲ ಬಾಗಿಲು ಒಡೆದು ಒಳಗೆ ಬಂದ. ಅವರ ಎಡ ಮಣಿಕಟ್ಟು ಇನ್ನೂ ಪೂರ್ತಿ ಮಡಚುವುದಿಲ್ಲ. ಆ ಕೈಯಲ್ಲೇ ಬಟ್ಟೆ ಹಿಡಿದು ಹೊಲಿಯುತ್ತಾರೆ.

ಕೋಣೆ ನೋಡಲು ಬಂದ ದಿನ ಕಿಟಕಿ ನೋಡಲಿಲ್ಲ, ನೀರು ಬರುತ್ತದೆಯೇ ಎಂದು ಕೇಳಲಿಲ್ಲ. ಬಾಗಿಲ ಬೀಗವನ್ನೇ ನೋಡುತ್ತ ನಿಂತರು. "ಇದು ಗಟ್ಟಿನಾ?" ಎಂದರು. ನಾನೇ ಕೂರಿಸಿದ್ದು ಎಂದೆ. ಅವತ್ತೇ ಸಾಮಾನು ತಂದರು. ಇನ್ನೊಂದು ಸಲ ಅವನ ಕೈಗೆ ಸಿಕ್ಕರೆ ಬದುಕುವುದಿಲ್ಲ ಎಂದು ಅವರು ಹೇಳಿದ್ದು ಹೆದರಿಸಲು ಹೇಳಿದ ಹಾಗಿರಲಿಲ್ಲ, ಬಟ್ಟೆಯ ಅಳತೆ ಹೇಳಿದಷ್ಟೇ ಸಲೀಸಾಗಿ ಹೇಳಿದರು.

ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ತಂಗಿಗೂ ಹೇಳಬಾರದೇ ಎಂದು ಕೇಳಿದೆ. ತಂಗಿಗೂ ಬೇಡ ಎಂದರು. ಈಗ ನಾನು ಹೇಳುತ್ತಿದ್ದೇನೆ. ಇಷ್ಟು ಕುಟ್ಟಿದ ಮೇಲೆ ಕಳಿಸಲು ಬೆರಳು ಬರುತ್ತಿಲ್ಲ.


ಮಾರ್ಚ್ ೨೪

ಗಿಲಕಿ,

ಮೇಲಿನವರಿಗೆ ಪುಟ ಬೇಡವಂತೆ. ಅಷ್ಟೇ ವಿಷಯ. ಪದೇ ಪದೇ ಕೇಳಬೇಡ. ಆರ್ಡರಿನ ಕೀಲಿಗಳು ನಾಳೆ ಹೋಗುತ್ತವೆ.

ಅಣ್ಣ


ಏಪ್ರಿಲ್ ೨

ಗಿಲಕಿ,

ಹೋದ ಪತ್ರ ಒರಟಾಗಿತ್ತು. ನೀನು ಮುಖ ಊದಿಸಿಕೊಂಡು ಬರೀ ಆರ್ಡರುಗಳನ್ನು ಕಳಿಸುತ್ತಿದ್ದೀಯ, ಕೆಳಗೆ ಒಂದು ಸಾಲೂ ಇಲ್ಲ. ಸಾಕು, ಮುಖ ಇಳಿಸು. ಇವತ್ತು ನಾನು ಬಹಳ ಖುಷಿಯಲ್ಲಿದ್ದೇನೆ.

ಬೆಳಗ್ಗೆಯಿಂದ ಮಷೀನು ನಿಂತಿಲ್ಲ. ಕೊರಿಯರಿನವನು ಈಗ ತಾನಾಗಿಯೇ ಒಳಗೆ ಬಂದು ಸ್ಟೂಲು ಎಳೆದುಕೊಂಡು ಕೂರುತ್ತಾನೆ. ಷಟರ್ ಎಳೆಯುವ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ, ಇದು ನಿನ್ನಿಂದ ಆದದ್ದು. ಒಪ್ಪಿಕೊಂಡೆ. ಬರೆದದ್ದನ್ನು ಜೋಪಾನವಾಗಿ ಇಟ್ಟುಕೋ, ಮತ್ತೆ ಹೇಳುವುದಿಲ್ಲ.

ನಿನ್ನೆ ಕಳಿಸಿದ ಒಂದು ಕೀಲಿಯ ಬಗ್ಗೆ ಹೇಳಬೇಕು. ಗಿರಾಕಿ ಅಳತೆ ಕಾಗದ ಇಟ್ಟಿರಲಿಲ್ಲ. ಒಂದೇ ಬದಿಯ ಫೋಟೋ, ಹಿಂದೆ ಯಾವುದೋ ನೀಲಿ ಬಟ್ಟೆ. ನಮ್ಮ ನಿಯಮದ ಪ್ರಕಾರ ಅದನ್ನು ತಿರುಗಿಸಿ ಕಳಿಸಬೇಕಿತ್ತು. ಆದರೆ ಹಲ್ಲುಗಳನ್ನು ನೋಡುತ್ತ ಹೋದಂತೆ ಯಾವ ಕಂಪನಿಯ ಕೀಲಿ, ಎಷ್ಟು ಆಳ ಎಂಬುದೆಲ್ಲ ಕಣ್ಣಿಗೆ ಕಟ್ಟಿತು. ಮಾಡಿದವನು ಯಾರೋ ಒಳ್ಳೆಯ ಕಸುಬುದಾರ. ಹಲ್ಲಿನ ಬುಡವನ್ನು ಅರದಿಂದ ಸ್ವಲ್ಪ ದುಂಡಗೆ ಉಜ್ಜಿದ್ದಾನೆ, ನಾನು ಮಾಡುವ ಹಾಗೇ. ಎಲ್ಲೋ ದೂರದಲ್ಲಿ ನಮ್ಮ ಕೈಯಂಥ ಕೈ ಇದೆ ಎಂದು ಸಂತೋಷವಾಯಿತು. ಅಳತೆಯಿಲ್ಲದೇ ಕಡಿದು ಕಳಿಸಿದೆ. ಕೂದಲೆಳೆಯಷ್ಟೂ ತಪ್ಪಿರುವುದಿಲ್ಲ, ಬೇಕಾದರೆ ಬರೆದು ಕೊಡುತ್ತೇನೆ.

ಅಣ್ಣ


ಏಪ್ರಿಲ್ ೫

ಅಣ್ಣಾ,

ಮುಖ ಇಳಿಸಿದ್ದೇನೆ. 'ಒಪ್ಪಿಕೊಂಡೆ' ಎಂಬ ಪದವನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುವ ಯೋಚನೆಯಿದೆ.

ನೀನು ಮೆಚ್ಚಿದ ಆ ಕೀಲಿಯ ಹಿಂದೆ ಒಂದು ಕಥೆಯಿದೆ. ಅದರ ಗಿರಾಕಿ ಮೊದಲು ನನಗೆ ಬರೆದದ್ದು ಹೋದ ತಿಂಗಳ ಕೊನೆಯಲ್ಲಿ. ಬಹಳ ಮರ್ಯಾದಸ್ಥ ಭಾಷೆ. ಹಲಗೆಯ ಮೇಲಿರುವ ಗುಂಡಿಯ ಗೊಂಚಲು ತುಂಬ ಹಿಡಿಸಿತು, ನನ್ನ ಹೆಂಡತಿಗೆ ಅಂಥದ್ದು ಕೊಡಿಸಬೇಕು, ಅದನ್ನು ಮಾಡಿದವರು ಯಾರು ಎಂದು ಕೇಳಿದ್ದರು. ನಮ್ಮ ಅಂಗಡಿಯ ಮೇಲೆ ಇರುವ ಹೊಲಿಗೆಯವರು ಎಂದೆ. ಪುಟ ಬೇಡ ಎಂದಿದ್ದೀಯ, ಆದರೆ ಗಿರಾಕಿ ತಾನಾಗಿಯೇ ಹುಡುಕಿಕೊಂಡು ಬಂದರೆ ಬಾಗಿಲು ಹಾಕಲಾಗುತ್ತದೆಯೇ? ಆಮೇಲೆ ಅವರೇ ಒಂದು ಕೀಲಿಗೂ ಆರ್ಡರ್ ಕೊಟ್ಟರು. ಅಳತೆ ಕಾಗದ ಇಲ್ಲ, ಪರವಾಗಿಲ್ಲವೇ ಎಂದೂ ಕೇಳಿದರು. ನಮ್ಮ ಅಣ್ಣನಿಗೆ ಬೇಕಾಗಿಲ್ಲ ಎಂದು ಜಂಬ ಕೊಚ್ಚಿಕೊಂಡೆ. ಒಂದು ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಟ್ಟರೆ ಒಂದು ಆರ್ಡರ್, ನಾನು ಹೇಳಿರಲಿಲ್ಲವೇ?

ಗಿಲಕಿ


ಏಪ್ರಿಲ್ ೬, ಬೆಳಗ್ಗೆ

ಹಲಗೆಯ ಫೋಟೋವನ್ನು ಪುಟದಿಂದ ತೆಗೆ. ಈಗಲೇ. ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಆ ಮನುಷ್ಯನಿಗೆ ಇನ್ನೊಂದು ಅಕ್ಷರ ಬರೆಯಬೇಡ. ಕಾರಣ ಕೇಳಬೇಡ.

ಅಣ್ಣ


ಏಪ್ರಿಲ್ ೬, ಮಧ್ಯಾಹ್ನ

ಅಣ್ಣಾ,

ಫೋನ್ ಎತ್ತಲಿಲ್ಲ, ಬೇಕೆಂದೇ. ಎತ್ತಿದ್ದರೆ ಬೈಗುಳ ಎಂದು ಗೊತ್ತಿತ್ತು.

ಫೋಟೋ ತೆಗೆಯುವುದಿಲ್ಲ. ಅದನ್ನು ನೋಡಿಯೇ ಜನ ಬರುತ್ತಿರುವುದು. ಅದು ಹೋದರೆ ಮತ್ತೆ ನೊಣ ಹೊಡೆಯುತ್ತ ಕೂರಬೇಕು. ನಾಲ್ಕು ದಿನದ ಹಿಂದೆ ಹೊಗಳಿದವನು ಇವತ್ತು ಕಾರಣವನ್ನೂ ಹೇಳದೆ ತೆಗೆ ಎನ್ನುತ್ತೀಯ. ಕಾರಣ ನನಗೆ ಗೊತ್ತು. ಮೇಲಿನವರ ಗೊಂಚಲನ್ನು ಬೇರೆ ಗಂಡಸು ಮೆಚ್ಚಿದ್ದು ನಿನ್ನ ಹೊಟ್ಟೆಯಲ್ಲಿ ಉರಿ ಎಬ್ಬಿಸಿದೆ. ಅವರು ನಾಲ್ಕು ಜನಕ್ಕೆ ಪರಿಚಯವಾದರೆ ನಿನಗೇನು ನಷ್ಟ? ಒಬ್ಬ ಹೆಂಗಸು ತನ್ನ ಕೆಲಸದಿಂದ ಮುಂದೆ ಬರಲಿ ಎಂದು ನಾನು ಒದ್ದಾಡುತ್ತಿದ್ದೇನೆ, ನೀನು ಅವರನ್ನು ಮಾಳಿಗೆಯಲ್ಲಿ ಬಚ್ಚಿಟ್ಟುಕೊಳ್ಳಲು ನೋಡುತ್ತಿದ್ದೀಯ. ನಾಚಿಕೆಯಾಗಬೇಕು.

ಗಿಲಕಿ


ಏಪ್ರಿಲ್ ೭, ಬೆಳಗ್ಗೆ

ಗಿಲಕಿ,

ಬಚ್ಚಿಟ್ಟುಕೊಂಡಿರುವುದು ನಿಜ. ಅವರು ಬಚ್ಚಿಟ್ಟುಕೊಳ್ಳಲೆಂದೇ ಇಲ್ಲಿಗೆ ಬಂದವರು.

ಮಾರ್ಚಿನಲ್ಲಿ ನಿನಗೆ ಬರೆದು ಕಳಿಸದೇ ಬಿಟ್ಟ ಪತ್ರವನ್ನು ಇದರ ಕೆಳಗೆ ಹಾಕಿದ್ದೇನೆ, ಮೊದಲು ಅದನ್ನು ಓದು. ಓದಿದೆಯಾ? ಈಗ ಕೇಳು. ಆ ಮರ್ಯಾದಸ್ಥ ಗಿರಾಕಿ ಅವರ ಗಂಡ. ಗುಂಡಿಯ ಗೊಂಚಲಿನಿಂದ ಗುರುತು ಹಿಡಿದ. ಅದೇ ಕೀಲಿಯನ್ನು ನಮ್ಮ ಹಲಗೆಯ ಫೋಟೋದಿಂದ ಕತ್ತರಿಸಿ, ಗೊಂಚಲು ಕಾಣದ ಹಾಗೆ ಮಾಡಿ, ನಮಗೇ ಕಳಿಸಿದ. ನಾನು ನೀಲಿ ಬಟ್ಟೆ ಅಂದುಕೊಂಡದ್ದು ಅಪ್ಪನ ಹಲಗೆ. ಒಳ್ಳೆಯ ಕಸುಬುದಾರ ಎಂದು ನಾನು ಹೊಗಳಿದ್ದು ನನ್ನನ್ನೇ. ನಾನೇ ಮಾಡಿದ ಕೀಲಿಗೆ ಜೋಡಿ ಮಾಡಿ, ಅವರನ್ನು ಕೊಲ್ಲಲು ತಿರುಗುತ್ತಿರುವವನ ಕೈಗೆ ಕೊರಿಯರಿನಲ್ಲಿ ಕಳಿಸಿದ್ದೇನೆ. ಹೆಸರಿಲ್ಲ ನಂಬರಿಲ್ಲ ಎಂದು ಧೈರ್ಯ ಹೇಳಿದೆನಲ್ಲ, ಫೋಟೋದಲ್ಲಿರುವ ಕೀಲಿಯೂ ಕೀಲಿಯೇ ಎಂಬುದು ಫೋಟೋ ನೋಡಿ ದಿನವಿಡೀ ಕೀಲಿ ಕಡಿಯುವ ನನ್ನ ತಲೆಗೆ ಹೊಳೆಯಲಿಲ್ಲ. ನಿನ್ನ ಪತ್ರ ಓದಿ, ಆ ಫೋಟೋವನ್ನು ಹಲಗೆಯ ಪಕ್ಕದಲ್ಲಿ ಹಿಡಿದು ನೋಡಿದ ಮೇಲೇ ಗೊತ್ತಾದದ್ದು.

ನಿನ್ನೆ ಮೇಲೆ ಹೋಗಿ ಎಲ್ಲ ಹೇಳಿದೆ. ಅವರು ಯಾರದೋ ಮನೆಯ ಪರದೆಗೆ ಅಂಚು ಹೊಲಿಯುತ್ತಿದ್ದರು. ಕೂರಿ ಎನ್ನಲಿಲ್ಲ, ಅಳಲಿಲ್ಲ. ಯಾವತ್ತು ಕಳಿಸಿದಿರಿ ಎಂದು ಕೇಳಿದರು, ಬೀಗ ಬದಲಾಯಿಸಲು ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಆಗಲೇ ಬೀಗ ಬಿಚ್ಚಿ ಒಳಗಿನ ಭಾಗಗಳನ್ನೆಲ್ಲ ಬೇರೆ ಮಾಡಿ ಕೂರಿಸಿದೆ. ಹೊಸ ಕೀಲಿಗಳನ್ನು ಅವರ ಕೈಗೇ ಕೊಟ್ಟೆ. ತಂಗಿಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ, ಆ ಮಾತಿಗೆ ಈಗಲೂ ಬದ್ಧ ಎಂದೆ. ಆಗ ಮೊದಲ ಸಲ ಅವರ ದನಿ ಏರಿತು.

"ಹೇಳ್ರಿ ಅವರಿಗೆ. ನಿಮ್ಮ ಮಾತು ಉಳಿಸ್ಕೊಳ್ಳೋಕೆ ಹೋಗಿ ನನ್ನ ಜೀವ ತೆಗೀಬೇಡಿ."

ಅವನಿಗೆ ನೀನು ಏನೇನು ಹೇಳಿದ್ದೀಯ ಎಂಬುದು ಒಂದೂ ಬಿಡದೆ ನನಗೆ ಬೇಕು. ಕೀಲಿ ಎಲ್ಲಿಗೆ ಹೋಯಿತು, ತಲುಪಿತೇ? ಚೀಟಿಯಲ್ಲಿ ಬರೆದ ಊರು ಯಾವುದೆಂದು ನಾನು ನೋಡಿಯೂ ಇರಲಿಲ್ಲ. ನನಗೆ ಭಯವಾಗುತ್ತಿದೆ, ಗಿಲಕಿ.

ಅಣ್ಣ


ಏಪ್ರಿಲ್ ೭, ಬೆಳಗ್ಗೆ

ಅಣ್ಣಾ,

ಫೋಟೋ ತೆಗೆದಿದ್ದೇನೆ. ನಮ್ಮ ಪುಟದಿಂದ ಮಾತ್ರ ತೆಗೆಯಲು ಸಾಧ್ಯ. ಹಂಚಿಕೊಂಡವರ ಹತ್ತಿರ ಇರುವುದನ್ನು ಹಿಂದಕ್ಕೆ ತರಲು ನನ್ನಿಂದಾಗುವುದಿಲ್ಲ. ಸಿಕ್ಕವರಿಗೆಲ್ಲ ಬರೆದು ಬೇಡಿಕೊಳ್ಳುತ್ತಿದ್ದೇನೆ. ಕೆಲವರು ಅಳಿಸಿದರು, ಕೆಲವರು ಯಾಕೆ ಎಂದು ಕೇಳುತ್ತಿದ್ದಾರೆ.

ಕೀಲಿ ನಾಲ್ಕನೇ ತಾರೀಕು ತಲುಪಿದೆ. ವಿಳಾಸ ನಿಮ್ಮಿಂದ ಎರಡು ಊರು ಆಚೆಗಿನ ಒಂದು ಲಾಡ್ಜಿನದು. ಅವನು ದೂರದಲ್ಲಿಲ್ಲ ಅಣ್ಣಾ, ಹತ್ತಿರ ಬಂದು ಕೂತೇ ಆರ್ಡರ್ ಕೊಟ್ಟಿದ್ದಾನೆ.

ಹೇಳಿದ್ದು ಇಷ್ಟು. ಹೊಲಿಗೆಯವರು ಮೇಲೆ ಒಬ್ಬರೇ ಇದ್ದಾರೆ ಎಂದು ಹೇಳಿದೆ. ಅಂಗಡಿಯೊಳಗಿಂದ ಹೋಗಬೇಕಾಗಿಲ್ಲ, ಹಿಂದಿನ ಓಣಿಯಿಂದ ಬೇರೆ ಮೆಟ್ಟಿಲಿದೆ ಎಂದು ಹೇಳಿದೆ. ಹೆಂಡತಿಯನ್ನು ಕರೆದುಕೊಂಡು ಬಂದರೆ ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದು ಕೇಳಿದ. ದಿನವಿಡೀ ಮನೆಯಲ್ಲೇ ಇರುತ್ತಾರೆ ಎಂದೆ. ನೀನು ಎರಡರಿಂದ ನಾಲ್ಕು ಅಂಗಡಿಯಲ್ಲಿ ಇರುವುದಿಲ್ಲ ಎಂಬುದು ಮ್ಯಾಪಿನಲ್ಲೇ ಇದೆ. ಕೇಳಿದ್ದಕ್ಕೆಲ್ಲ ಒಂದು ಗಂಟೆಯೊಳಗೆ ಉತ್ತರ ಕೊಟ್ಟೆ. ಅವನು ಧನ್ಯವಾದ ಎಂದಾಗ ನಗುಮುಖದ ಚಿತ್ರವನ್ನೂ ಕಳಿಸಿದೆ. ನಿನ್ನೆ ನಾಚಿಕೆಯಾಗಬೇಕು ಎಂದು ಬರೆದಿದ್ದೆನಲ್ಲ, ಆ ಸಾಲನ್ನು ಈಗ ನಾನೇ ಓದಿಕೊಳ್ಳುತ್ತಿದ್ದೇನೆ.

ಇನ್ನೂ ಒಂದು ಇದೆ. ಹೋಟೆಲಿನವರು ನನ್ನನ್ನು ಫೆಬ್ರವರಿಯಲ್ಲೇ ಕೆಲಸದಿಂದ ಬಿಡಿಸಿದರು. ರಿಸೆಪ್ಶನ್ ಮೇಜಿನಿಂದ ಬರೆಯುತ್ತಿದ್ದೇನೆ ಎಂದದ್ದು ಸುಳ್ಳು. ಈ ಪುಟ ಬಿಟ್ಟರೆ ನನಗೆ 'ನನ್ನದು' ಎನ್ನಲು ಏನೂ ಇರಲಿಲ್ಲ. ಫೋಟೋ ತೆಗೆ ಎಂದಾಗ ಅದಕ್ಕೇ ಮೈಮೇಲೆ ಬಂದವಳಂತೆ ಕೂಗಾಡಿದೆ. ನೀನು ಪೊಲೀಸರ ಹತ್ತಿರ ಹೋಗು. ಅವನ ಆರ್ಡರು, ಲಾಡ್ಜಿನ ವಿಳಾಸ, ಬರೆದ ಮಾತುಗಳು ಎಲ್ಲವನ್ನೂ ಕಳಿಸುತ್ತಿದ್ದೇನೆ.

ಗಿಲಕಿ


ಏಪ್ರಿಲ್ ೧೨

ಗಿಲಕಿ,

ಬರೆಯಲು ಕೈ ಬಿಡುವಾಗಿರಲಿಲ್ಲ. ಬೀದಿಯ ಪ್ರತಿ ಬಾಗಿಲಿನ ಬೀಗವನ್ನೂ ಬದಲಾಯಿಸುತ್ತಿದ್ದೇನೆ. ಮನೆಮನೆಗೆ ಹೋಗಿ, ನಿಮ್ಮ ಕೀಲಿಯ ಫೋಟೋವನ್ನು ಊರಿಗೆಲ್ಲ ತೋರಿಸಿದ್ದೇನೆ, ಬೀಗ ಬದಲಾಯಿಸಲು ಬಂದಿದ್ದೇನೆ ಎನ್ನಬೇಕು. ಕೆಲವರು ಒಳಗೆ ಕರೆದು ಚಹಾ ಕೊಟ್ಟರು. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಜಾಡಿಸಿದರು. ಎದುರುಮನೆಯ ಅಜ್ಜಿ ನಿಮ್ಮಪ್ಪ ಇದ್ದಿದ್ದರೆ ನಿನ್ನ ಕಿವಿ ಹಿಂಡುತ್ತಿದ್ದರು ಎಂದರು, ಆಮೇಲೆ ಸ್ಟೂಲು ಅಲ್ಲಾಡದಂತೆ ಹಿಡಿದುಕೊಂಡು ನಿಂತರು. ಬೈಸಿಕೊಳ್ಳುವುದೇ ಸುಲಭವಾಗಿತ್ತು.

ಒಂಬತ್ತನೇ ತಾರೀಕಿನ ವಿಷಯ ಹೇಳಬೇಕು. ಮಧ್ಯಾಹ್ನ ಮೂರರ ಹೊತ್ತಿಗೆ ನಾನು ಬೀದಿಯ ಆ ತುದಿಯ ಮನೆಯಲ್ಲಿ ಕೆಲಸದಲ್ಲಿದ್ದೆ. ವಾಪಸು ಬಂದಾಗ ಮೇಲಿನವರು ಅಂಗಡಿಯೊಳಗೆ, ಮಷೀನಿನ ಹಿಂದೆ ನೆಲದ ಮೇಲೆ ಕೂತಿದ್ದರು. ಕೈಯಲ್ಲಿ ಕತ್ತರಿ. ಯಾರೋ ಹಿಂದಿನ ಮೆಟ್ಟಿಲು ಹತ್ತಿ ಬಂದು ಬಾಗಿಲಿಗೆ ಕೀಲಿ ಹಾಕಿದರು, ಒಳಗೆ ಹೋದ ಸದ್ದಾಯಿತು, ತಿರುಗಲಿಲ್ಲ, ತೆಗೆದು ಮತ್ತೆ ಹಾಕಿದರು ಎಂದರು. ಬಾಗಿಲ ಈ ಕಡೆ ಉಸಿರು ಹಿಡಿದು ನಿಂತಿದ್ದರಂತೆ. ಮೆಟ್ಟಿಲು ಇಳಿದ ಸದ್ದಾದ ಮೇಲೆ ಒಳಗಿನ ಮೆಟ್ಟಿಲಿನಿಂದ ಅಂಗಡಿಗೆ ಓಡಿ ಬಂದಿದ್ದಾರೆ.

ಹಿಂದಿನ ಊರಿನ ಪೊಲೀಸರಿಂದ ಏನೂ ಆಗಲಿಲ್ಲವೆಂದು ಅಲ್ಲಿಯ ತನಕ ಬೇಡ ಎನ್ನುತ್ತಿದ್ದವರು ಅವತ್ತು ಒಪ್ಪಿದರು, ನೀನು ಕಳಿಸಿದ್ದನ್ನೆಲ್ಲ ಹಿಡಿದು ಇಬ್ಬರೂ ಠಾಣೆಗೆ ಹೋದೆವು. ಅಲ್ಲಿದ್ದ ಅಧಿಕಾರಿ ಎಲ್ಲ ಕೇಳಿ, ಕೀಲಿ ಮಾಡಿಕೊಟ್ಟವನು ನೀನೇ ಅಲ್ಲವೇ ಎಂದು ಮೊದಲು ನನ್ನನ್ನೇ ದುರುಗುಟ್ಟಿ ನೋಡಿದರು. ಆಮೇಲೆ ಮೇಲಿನವರಿಗೆ, ಯಾರನ್ನಾದರೂ ಕಣ್ಣಾರೆ ಕಂಡಿರಾ ಎಂದು ಕೇಳಿದರು. ಇಲ್ಲ. ಬಾಗಿಲು ಒಡೆದಿದೆಯಾ? ಇಲ್ಲ. ಫೋಟೋ ಕಳಿಸಿ ಕೀಲಿ ಮಾಡಿಸುವುದು ಅಪರಾಧವಲ್ಲ, ಗಾಳಿಗೆ ಬಾಗಿಲು ಅಲ್ಲಾಡಿರಬಹುದು ಎಂದು ಹೇಳಿ ಒಂದು ಅರ್ಜಿ ಬರೆಸಿಕೊಂಡು ಕಳಿಸಿದರು.

ದಾರಿಯಲ್ಲಿ ನಾನೂ ಅದನ್ನೇ ಅಂದೆ. ಅವತ್ತು ಗಾಳಿಯಿತ್ತು, ಗಾಳಿಯೇ ಇರಬಹುದು ಎಂದೆ. ಅವರಿಗೆ ಸಮಾಧಾನವಾಗಲಿ ಎಂದು ಹೇಳಿದೆನೆಂದು ನಿನಗೆ ಬರೆಯಬಹುದಿತ್ತು, ಅದು ಸುಳ್ಳು. ಅವನು ಬಂದು ಹೋದ ಎಂಬುದನ್ನು ನಂಬಲು ನನಗೇ ಧೈರ್ಯವಿರಲಿಲ್ಲ. ಅವರು ರಸ್ತೆಯ ಮಧ್ಯೆ ನಿಂತು ನನ್ನ ಮುಖ ನೋಡಿದರು, ಆಮೇಲೆ ಒಬ್ಬರೇ ಮುಂದೆ ನಡೆದರು. ಅಂದಿನಿಂದ ನನ್ನೊಂದಿಗೆ ಮಾತಿಲ್ಲ.

ಸೋಮವಾರದ ಬಸ್ಸಿಗೆ ಹೊರಡುತ್ತಾರಂತೆ, ಎದುರುಮನೆಯ ಅಜ್ಜಿಯಿಂದ ತಿಳಿಯಿತು. ಯಾವ ಊರಿಗೆ ಎಂದು ಯಾರಿಗೂ ಹೇಳಿಲ್ಲ. ಮತ್ತೊಂದು ಊರು, ಮತ್ತೊಂದು ಬಾಗಿಲು, ಅಲ್ಲಿ ಬೀಗ ಗಟ್ಟಿಯೋ ಅಲ್ಲವೋ. ಮೇಲಿನಿಂದ ಹೊಲಿಗೆ ಮಷೀನಿನ ತಲೆ ಬಿಚ್ಚುತ್ತಿರುವ ಸದ್ದು ಕೇಳುತ್ತಿದೆ. ಹೋಗಿ ತಡೆಯಲು ನನಗೆ ಯಾವ ಮುಖವೂ ಇಲ್ಲ.

ಅಣ್ಣ


ಏಪ್ರಿಲ್ ೧೩

ಅಣ್ಣಾ,

ಇದನ್ನು ಓದಿದ ತಕ್ಷಣ ಫೋನ್ ಮಾಡು. ಈ ಸಲ ಎತ್ತುತ್ತೇನೆ. ನಾನೇ ಮಾಡುತ್ತಿದ್ದೇನೆ, ನೀನು ಯಾರ ಮನೆಯ ಬಾಗಿಲಲ್ಲಿದ್ದೀಯೋ, ಸಿಗುತ್ತಿಲ್ಲ.

ನಮ್ಮ ಪುಟದಲ್ಲಿ ಗಿರಾಕಿಗಳು ಅಭಿಪ್ರಾಯ ಬರೆಯುವ ಜಾಗದಲ್ಲಿ ಇವತ್ತು ಒಬ್ಬರು ಐದರಲ್ಲಿ ಒಂದೇ ನಕ್ಷತ್ರ ಕೊಟ್ಟು ಹೀಗೆ ಬರೆದಿದ್ದಾರೆ:

'ಕೀಲಿ ತಪ್ಪಾಗಿದೆ. ಒಳಗೆ ಹೋಗುತ್ತದೆ, ತಿರುಗುವುದಿಲ್ಲ. ಒಂಬತ್ತನೇ ತಾರೀಕು ಮೂರು ಸಲ ಪ್ರಯತ್ನಿಸಿದೆ. ಫೋಟೋ ನೋಡಿ ಮಾಡುತ್ತೇವೆ ಎಂಬುದು ಬರೀ ಬುರುಡೆ. ಕೆಲಸ ಗೊತ್ತಿಲ್ಲದವರು. ಯಾರೂ ಮೋಸ ಹೋಗಬೇಡಿ.'

ಹೆಸರು, ಆರ್ಡರು ಎರಡೂ ಅವನವೇ.

ಒಂದು ಕ್ಷಣ ನಾನು ಏನು ಮಾಡಿದೆ ಗೊತ್ತೇ? ಅಭ್ಯಾಸಬಲದಿಂದ 'ನಿಮಗಾದ ತೊಂದರೆಗೆ ಕ್ಷಮಿಸಿ' ಎಂದು ಅರ್ಧ ಬರೆದೆ. ಆಮೇಲೆ ಎರಡನೇ ಸಲ ಓದಿದೆ. ಬರೆದದ್ದನ್ನು ಅಳಿಸಿದೆ. ಅವನು ಬಂದಿದ್ದ ಅಣ್ಣಾ. ಅದು ಗಾಳಿಯಲ್ಲ. ತಾನು ಆ ಬಾಗಿಲಿಗೆ ಕೀಲಿ ಹಾಕಿದೆ ಎಂದು ತನ್ನ ಕೈಯಾರೆ ಬರೆದು, ತಾರೀಕು ಹಾಕಿ, ನಮಗೇ ಕೊಟ್ಟಿದ್ದಾನೆ. ಸರಿಯಾದ ಕೀಲಿ ಸಿಗಲಿಲ್ಲ ಎಂಬ ಸಿಟ್ಟಿನಲ್ಲಿ ಉಳಿದದ್ದೆಲ್ಲ ಮರೆತಿದ್ದಾನೆ.

ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ, ನಿನಗೂ ಕಳಿಸಿದ್ದೇನೆ. ಅವರನ್ನು ಬಸ್ಸು ಹತ್ತಲು ಬಿಡಬೇಡ. ಮೊದಲು ಇದನ್ನು ತೋರಿಸು. ಪುಟದಿಂದ ಇದನ್ನು ತೆಗೆಯಲೋ ಇರಲಿ ಬಿಡಲೋ, ಹೇಳು.

ಗಿಲಕಿ


ಏಪ್ರಿಲ್ ೧೬

ಗಿಲಕಿ,

ಅವತ್ತು ಫೋನಿನಲ್ಲಿ ನಾನು ಬರೀ ಹ್ಞೂಂ ಹ್ಞೂಂ ಎಂದೆ, ಜಗಳವಾಡದೇ ಮುಗಿದದ್ದು ಅದೊಂದೇ ಕರೆ. ಈಗ ಪೂರ್ತಿ ಬರೆಯುತ್ತೇನೆ.

ಪ್ರಿಂಟು ಹಿಡಿದು ಮೇಲೆ ಹೋದೆ. ಬಾಗಿಲು ತಟ್ಟಿ, ನಾನು ಎಂದು ಹೇಳಿ, ಅವರೇ ತೆರೆಯುವ ತನಕ ನಿಂತೆ. ಹೊಲಿಗೆ ಮಷೀನನ್ನು ಚೀಲದ ಬಟ್ಟೆಯಲ್ಲಿ ಕಟ್ಟಿಯಾಗಿತ್ತು. ಕಾಗದವನ್ನು ಓದಲು ಕೊಟ್ಟೆ. ನಿಂತೇ ಓದಿದರು, ಕಿಟಕಿಯ ಹತ್ತಿರ ಹೋಗಿ ಇನ್ನೊಮ್ಮೆ ಓದಿದರು.

"ಗಾಳಿಗೆ ಬರೆಯೋಕೂ ಬರುತ್ತೆ ಅಂತಾಯ್ತು," ಎಂದರು.

ತಪ್ಪಾಯಿತು ಎಂದೆ. ಅವರು ಚಪ್ಪಲಿ ಹಾಕಿಕೊಂಡು, ನಡೀರಿ ಠಾಣೆಗೆ ಎಂದರು.

ಅದೇ ಅಧಿಕಾರಿ ಇದ್ದರು. ಓದಿದರು. ಯಾವ ಬಾಗಿಲು ಎಂದು ಇದರಲ್ಲಿ ಬರೆದಿಲ್ಲವಲ್ಲ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಲಿನವರೇ ಹಳೆಯ ಕೀಲಿಯನ್ನೂ ಅವನು ಆರ್ಡರಿಗೆ ಕಳಿಸಿದ ಫೋಟೋವನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಒಂದೊಂದೇ ಹಲ್ಲನ್ನು ಬೆರಳಿನಿಂದ ತೋರಿಸಿದರು. ಈ ಕೀಲಿ ಒಂದೇ ಬಾಗಿಲಿನದು, ಆ ಬಾಗಿಲ ಹಿಂದೆ ಒಂಬತ್ತನೇ ತಾರೀಕು ನಾನು ಕತ್ತರಿ ಹಿಡಿದು ನಿಂತಿದ್ದೆ, ನೀವು ಗಾಳಿ ಎಂದಿರಿ ಎಂದು ಹೇಳಿದರು. ದನಿ ಏರಿಸಲಿಲ್ಲ. ಅಧಿಕಾರಿ ಕುರ್ಚಿ ಎಳೆದು ಅವರನ್ನು ಕೂರಿಸಿದರು. ಹಿಂದಿನ ಊರಿನ ಠಾಣೆಗೆ ಫೋನ್ ಹೋಯಿತು, ಬಾಗಿಲು ಒಡೆದ ಕೇಸು ಅಲ್ಲಿ ಇನ್ನೂ ಇತ್ತು. ಸಂಜೆಯ ಹೊತ್ತಿಗೆ ಅವನನ್ನು ಲಾಡ್ಜಿನಿಂದ ಕರೆತಂದರು. ಅಂಗಿಯ ಜೇಬಿನಲ್ಲಿ ನಾನು ಮಾಡಿದ ಕೀಲಿಯಿತ್ತಂತೆ. ಬಿಟ್ಟು ಕಳಿಸುವುದಿಲ್ಲ ಎಂದಿದ್ದಾರೆ, ಮುಂದೆ ಕೋರ್ಟಿನಲ್ಲಿ ಏನಾಗುತ್ತದೋ ನೋಡಬೇಕು.

ಸೋಮವಾರದ ಬಸ್ಸು ಹೋಯಿತು. ಹೊರಡುವುದಿಲ್ಲವೇ ಎಂದು ನಾನು ಕೇಳಲಿಲ್ಲ. ಅವರೇ ಮೆಟ್ಟಿಲ ಮೇಲೆ ನಿಂತು, ಪರದೆಯವರಿಗೆ ಬುಧವಾರ ಕೊಡುತ್ತೇನೆ ಎಂದಿದ್ದೇನೆ, ಮಷೀನಿನ ತಲೆ ಎತ್ತಿ ಕೂರಿಸಲು ಒಂದು ಕೈ ಹಿಡಿಯಿರಿ ಎಂದರು. ಹಿಡಿದೆ. ನನ್ನನ್ನು ಕ್ಷಮಿಸಿದ್ದಾರೆ ಎಂದು ಬರೆಯಲಾರೆ. ಮಾತಾಡುತ್ತಿದ್ದಾರೆ, ಅಷ್ಟೇ.

ನೀನು ಬಾ. ಕೆಲಸ ಹೋದದ್ದನ್ನು ಮುಚ್ಚಿಟ್ಟು ಆ ಊರಿನಲ್ಲಿ ಒಬ್ಬಳೇ ಕೂತು ನನಗೆ ನಗುತ್ತ ಬರೆಯುತ್ತಿದ್ದೆಯಲ್ಲ, ಇನ್ನು ಅದು ಸಾಕು. ನಿನ್ನ ಕೋಣೆ ಖಾಲಿಯಿಲ್ಲ, ಅಂಗಡಿಯ ಹಿಂದಿನದನ್ನು ಸುಣ್ಣ ಹೊಡೆಸಿದ್ದೇನೆ. ಫೋಟೋ ಕೀಲಿ ನಿಲ್ಲಿಸು. ಮನೆಗೇ ಬಂದು, ಮನೆಯವರ ಎದುರಿಗೇ ಬೀಗ ಹಾಕಿಕೊಡುತ್ತೇವೆ ಎಂದು ಪುಟದಲ್ಲಿ ಹಾಕು. ಬೀದಿಯವರೇ ಮೊದಲ ಸಾಕ್ಷಿ, ಬೈದವರೂ ಕೆಲಸ ಚೆನ್ನಾಗಿದೆ ಎಂದೇ ಬೈದರು.

ಅವನು ಬರೆದದ್ದನ್ನು ತೆಗೆಯಬೇಡ. ಕೇಸು ಮುಗಿಯುವ ತನಕ ಅದು ಇರಬೇಕು ಎಂದು ಠಾಣೆಯವರೂ ಹೇಳಿದ್ದಾರೆ, ಮುಗಿದ ಮೇಲೂ ಇರಲಿ ಎಂದು ನಾನು ಹೇಳುತ್ತಿದ್ದೇನೆ. ಯಾರು ಏನೇ ಬರೆದರೂ ಉತ್ತರ ಹೋಗಬೇಕು ಎಂಬುದು ನಿನ್ನ ನಿಯಮವಲ್ಲವೇ? ಗಂಟೆ ಮೀರಿ ಎಷ್ಟೋ ದಿನವಾಯಿತು, ಆದರೂ ಅದರ ಕೆಳಗೆ ಇಷ್ಟು ಹಾಕು. ಮಾತು ನನ್ನದಲ್ಲ, ಮೇಲಿನವರು ಹೊಲಿಯುತ್ತ ಹೇಳಿದ್ದು, ನಾನು ಕುಟ್ಟಿದ್ದು ಮಾತ್ರ:

'ನೀವು ಹೇಳಿದ್ದು ಸರಿ. ಆ ಕೀಲಿ ಹೊಂದುವುದಿಲ್ಲ. ಇನ್ನೊಂದು ಮಾಡಿಕೊಡುವುದಿಲ್ಲ.'

ಅಣ್ಣ